ಕೇಳಿ ಡೇರೆ ಹೊಡಿ

ತಮ್ಮಾ,

ಈ ಚಳಿಗಾಲದಲ್ಲಿ ಗೆಳೆಯರನ್ನು ಕಟ್ಟಿಕೊಂಡು ಹಿಡಕಲ್ ಡ್ಯಾಮಿನ ಹಿನ್ನೀರಿನ ಕಡೆ ಹೋಗಿ, ಡೇರೆ ಹೊಡೆದು ಎರಡು ರಾತ್ರಿ ಇರುತ್ತೀಯಂತೆ. ನಿಮ್ಮವ್ವ ಫೋನ್ ಮಾಡಿ ಹೇಳಿದಳು. ‘ನೀವಾದ್ರೂ ಬ್ಯಾಡ ಅನ್ರಿ ಅಪ್ಪಾ’ ಅಂತ ಅವಳ ಮಾತು. ನಾನು ಬೇಡ ಅನ್ನುವವನಲ್ಲ. ಹೋಗು. ಇಪ್ಪತ್ತರ ವಯಸ್ಸಿನಲ್ಲಿ ಬಯಲಿನಲ್ಲಿ ಮಲಗದವನು ಇನ್ನು ಯಾವಾಗ ಮಲಗಿಯಾನು? ಆದರೆ ಹೊರಡುವ ಮುಂಚೆ ಅಜ್ಜನ ನಾಲ್ಕು ಮಾತು ಕಿವಿಗೆ ಹಾಕಿಕೊಂಡು ಹೋಗು.

ನೀನು ಮೊಬೈಲಿನಲ್ಲಿ ತೋರಿಸಿದ ಅಮೆರಿಕದ ಸ್ಟೇಟ್ ಪಾರ್ಕಿನ ವಿಡಿಯೋ ನೋಡಿದೆ. ಸರೋವರದ ದಂಡೆಯ ಮೇಲೆ ಒಂದೊಂದು ಡೇರೆಗೆ ಒಂದೊಂದು ನಂಬರಿನ ಜಾಗ. ಬೆಂಕಿ ಹಾಕಲಿಕ್ಕೆ ಕಬ್ಬಿಣದ ಕುಂಡ, ಊಟಕ್ಕೆ ಮೇಜು, ನಲ್ಲಿ, ಪಾಯಖಾನೆ, ತಿರುಗಾಡಿ ನೋಡಿಕೊಳ್ಳುವ ರೇಂಜರು. ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಕ್ಕೆಲ್ಲ ಫಲಕ. ಈ ಏರ್ಪಾಡು ಅಲ್ಲಿಯೂ ತಾನಾಗಿ ಆದದ್ದಲ್ಲ. ನಯಾಗರಾ ಜಲಪಾತದ ಮಗ್ಗುಲಿನ ನೆಲವನ್ನು ಗಿರಣಿಗಳ ಕೈಯಿಂದ ಬಿಡಿಸಿ ನ್ಯೂಯಾರ್ಕ್ ರಾಜ್ಯ ಜನರಿಗಾಗಿ ಕಾಯ್ದಿಟ್ಟದ್ದು 1885ರಲ್ಲಿ. ಅದೇ ದಶಕದಲ್ಲಿ ನಮ್ಮ ಗೋಕಾಕ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿ ಎದ್ದಿತು. ಅಲ್ಲಿ ಗಿರಣಿ ಸರಿದು ಉದ್ಯಾನ ಬಂತು, ಇಲ್ಲಿ ನೀರಿನ ಬಲ ನಂಬಿ ಗಿರಣಿಯೇ ಬಂತು. ಆ ಗಿರಣಿಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ನಾನು ಅದನ್ನು ಹಳಿಯುವುದಿಲ್ಲ.

ನಾನು ಹೇಳುವುದು ಇಷ್ಟೇ. ನಮ್ಮ ಹೊಳೆದಂಡೆಗೆ ಫಲಕವಿಲ್ಲ ಅಂದರೆ ಅಲ್ಲಿ ನೇಮವಿಲ್ಲ ಅಂತಲ್ಲ. ನೇಮಗಳು ಅಲ್ಲಿಯ ಮಂದಿಯ ಬಾಯಲ್ಲಿವೆ. ಕುರಿ ಕಾಯುವವನಿಗೆ ಒಂದು ಗೊತ್ತು, ಮೀನು ಹಿಡಿಯುವವನಿಗೆ ಇನ್ನೊಂದು ಗೊತ್ತು, ಕಾಲುವೆಗೆ ನೀರು ಬಿಡುವವನಿಗೆ ಮತ್ತೊಂದು ಗೊತ್ತು. ಕೇಳಿದವನಿಗೆ ಎಲ್ಲರೂ ಹೇಳುತ್ತಾರೆ. ಕೇಳದೆ ಹೋದವನನ್ನು ಯಾರೂ ಬೆನ್ನು ಹತ್ತಿ ಬಂದು ಎಚ್ಚರಿಸುವುದಿಲ್ಲ. ಆದ್ದರಿಂದ ಕೇಳಿ ಡೇರೆ ಹೊಡಿ.

ಮೊದಲು ವಿಚಾರಿಸಬೇಕಾದದ್ದು ನೀರಿನ ಸುದ್ದಿ. ಘಟಪ್ರಭೆ ನಮ್ಮ ಹೊಳೆ ಅನ್ನುತ್ತೇವೆ, ಆದರೆ ಅದರ ತವರು ಮಹಾರಾಷ್ಟ್ರದ ಸಹ್ಯಾದ್ರಿ. ಅಲ್ಲಿ ಹುಟ್ಟಿ, 283 ಕಿಲೋಮೀಟರ್ ಹರಿದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಕ್ಕೇರಿಯಲ್ಲಿ ಬಿಸಿಲು ಚುರುಗುಟ್ಟುವಾಗಲೂ ಘಟ್ಟದ ಮೇಲೆ ಮಳೆ ಹೊಡೆಯುತ್ತಿರುತ್ತದೆ. ಹೊಳೆ ತುಂಬುವುದು ನಿನ್ನ ತಲೆಯ ಮೇಲಿನ ಮೋಡದಿಂದಲ್ಲ, ನಿನ್ನ ಕಣ್ಣಿಗೆ ಕಾಣದ ಮೋಡದಿಂದ. ನೆತ್ತಿಯ ಮೇಲೆ ಆಕಾಶ ತಿಳಿಯಾಗಿದೆ ಅಂತ ಹೊಳೆಯನ್ನು ನಂಬಬೇಡ.

ಈ ಘಟಪ್ರಭೆಗೆ ಅಡ್ಡ ಕಟ್ಟಿದ ಹಿಡಕಲ್ ಡ್ಯಾಮಿಗೆ ರಾಜಾ ಲಖಮಗೌಡ ಜಲಾಶಯ ಅಂತ ಹೆಸರು. ವಂಟಮುರಿಯ ದೇಸಾಯರು ಅವರು. ಬೆಳಗಾವಿಯ ಕೆಎಲ್ಇ ಸಂಸ್ಥೆಗೆ ಕೈ ಬಿಚ್ಚಿ ದಾನ ಕೊಟ್ಟವರು. ಜಲಾಶಯ ತುಂಬಿದಾಗಿನ ಮಟ್ಟ 2,175 ಅಡಿ, ಹಿಡಿಯುವ ನೀರು 51 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ 2,800 ಕೋಟಿಗೂ ಮೇಲೆ. ಮಳೆಗಾಲದಲ್ಲಿ ಪೇಪರಿನವರು ದಿನಾ ‘ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್’ ಅಂತ ಹಾಕುತ್ತಾರಲ್ಲ, ಅದನ್ನು ಓದುವುದು ಕಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರು ಅಂದರೆ, ನಮ್ಮೂರಿಗೆ ಬೇಸಿಗೆಯಲ್ಲಿ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ಪ್ರತಿ ಸೆಕೆಂಡಿಗೆ ಇಪ್ಪತ್ತೆಂಟು ಒಮ್ಮೆಗೇ ಬರಿದಾದ ಲೆಕ್ಕ. ಆ ಲೆಕ್ಕ ತಲೆಗೆ ಹೋದವನು ಹೊಳೆಯ ಪಾತ್ರದೊಳಗೆ ಹಾಸಿಗೆ ಬಿಚ್ಚುವುದಿಲ್ಲ.

ಇನ್ನು ಹಿನ್ನೀರಿನ ದಂಡೆ. ಅದನ್ನು ದಂಡೆ ಅಂತ ಕರೆಯುವುದೇ ತಪ್ಪು, ಅದು ವರ್ಷವಿಡೀ ನಡೆದಾಡುತ್ತಿರುತ್ತದೆ. ಜೂನ್‌ನಿಂದ ಆಗಸ್ಟ್‌ತನಕ ಒಳಕ್ಕೆ ನುಗ್ಗಿ ಬರುತ್ತದೆ. ಹಿಂಗಾರಿ ಪೈರಿಗೆ, ಕಬ್ಬಿಗೆ ನೀರು ಬಿಡುತ್ತ ಹೋದಂತೆ ಬೇಸಿಗೆಯ ಹೊತ್ತಿಗೆ ಬಹಳ ದೂರ ಸರಿಯುತ್ತದೆ. ಹಿನ್ನೀರಿನ ನೆಲ ಚಪ್ಪಟೆ. ಲೋಟದಲ್ಲಿ ಕಾಣದ ಒಂದು ಚಮಚೆ ನೀರು ತಾಟಿನಲ್ಲಿ ಹರಡಿಕೊಳ್ಳುವುದಿಲ್ಲವೇ, ಹಾಗೆ. ಐವತ್ತು ಅಡಿಗೆ ಒಂದು ಅಡಿ ಇಳಿಜಾರು ಇರುವ ಕಡೆ ನೀರು ಒಂದೇ ಅಡಿ ಏರಿದರೂ ಐವತ್ತು ಅಡಿ ಮುಂದೆ ಬಂದು ನಿನ್ನ ಚಾಪೆಯನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಅಲ್ಲಿ ಡೇರೆಯ ಮಾತೇ ಬೇಡ.

ಚಳಿಗಾಲದಲ್ಲಿ ನೀರು ಹಿಂದೆ ಸರಿಯುತ್ತಿರುತ್ತದೆ, ಆ ಭಯ ಕಡಿಮೆ. ಆಗ ಬೇರೆ ಮೋಸ. ನೀರು ಬಿಟ್ಟ ರಾಡಿ ಮೇಲೆ ಒಣಗಿ, ಬಿರುಕು ಬಿಟ್ಟು, ಗಟ್ಟಿ ನೆಲದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಮೊಣಕಾಲತನಕ ಹುಗಿಯುತ್ತದೆ. ಬೈಕು ಅಂತೂ ಇಳಿಸಲೇಬೇಡ. ಜಾಗ ಆರಿಸಲು ಒಂದು ಗುರುತು ಹೇಳುತ್ತೇನೆ. ನೀರಿನ ಅಂಚಿನಿಂದ ಮೇಲಕ್ಕೆ ನಡೆಯುತ್ತ ಹೋಗು. ಒಣ ಕಡ್ಡಿ, ತೆಂಗಿನ ಚಿಪ್ಪು, ಥರ್ಮಾಕೋಲಿನ ಚೂರು, ಒಂಟಿ ಚಪ್ಪಲಿ, ಇವೆಲ್ಲ ಒಂದು ಗೆರೆ ಎಳೆದ ಹಾಗೆ ಸಾಲಾಗಿ ಬಿದ್ದಿರುತ್ತವೆ. ಆ ವರ್ಷ ನೀರು ಏರಿದ್ದು ಅಲ್ಲಿಯತನಕ. ಆ ಗೆರೆ ದಾಟಿ, ಇನ್ನೂ ಮೇಲೆ, ಕಲ್ಲುಗೊರಚಿನ ಮಡ್ಡಿ ಸಿಗುವತನಕ ಹೋಗಿ ಡೇರೆಯ ಗೂಟ ಬಡಿ. ಎರೆನೆಲದಲ್ಲಿ ಬೇಡ. ಒಂದು ಅಡ್ಡಮಳೆ ಬಿದ್ದರೆ ಎರೆಮಣ್ಣು ಗೂಟವನ್ನೂ ಬಿಡುತ್ತದೆ, ನಿನ್ನ ಕಾಲನ್ನು ಮಾತ್ರ ಹಿಡಿದುಕೊಳ್ಳುತ್ತದೆ.

ಡ್ಯಾಮಿನ ಕೆಳಗಿನ ಹೊಳೆಯ ವಿಚಾರ ಬೇರೆ. ಗೇಟು ಮುಚ್ಚಿದೆ ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡ. ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯೂ ಘಟಪ್ರಭೆಯನ್ನೇ ಕೂಡುತ್ತದೆ. ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಧುಮುಕಿ ಬರುವ ಮಾರ್ಕಂಡೇಯ ಗೋಕಾಕದ ಹತ್ತಿರ ಸೇರಿಕೊಳ್ಳುತ್ತದೆ. ಮೂರೂ ಹೊಳೆಗಳು ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ 2019ರ ಆಗಸ್ಟ್‌ನಲ್ಲಿ ಗೋಕಾಕ ಕಂಡಿತು. ಲೋಳಸೂರ ಸೇತುವೆ ಮುಳುಗಿತು, ಪೇಟೆಯೊಳಗೆ ನೀರು ನುಗ್ಗಿತು, ಮೂಡಲಗಿ ತಾಲೂಕಿನ ಹೊಳೆಸಾಲಿನ ಊರುಗಳ ಜನ ಗಂಟುಮೂಟೆ, ದನಕರು ಸಮೇತ ಎತ್ತರದ ನೆಲ ಹುಡುಕಿದರು. ಅವರೇನು ಹೊಳೆ ಅರಿಯದವರಲ್ಲ, ಹೊಳೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ಅಂಥವರಿಗೇ ಸಾಮಾನು ಕಟ್ಟಲು ಹೊತ್ತು ಸಾಲದ ಹೊಳೆ, ಎರಡು ರಾತ್ರಿಗೆ ಬಂದ ನಿನಗೆ ಪುರುಸೊತ್ತು ಕೊಡುತ್ತದೆಯೇ? ಹೊಳೆಯೊಳಗಿನ ಮರಳಿನ ದಿಬ್ಬ ಎಷ್ಟೇ ಮೆತ್ತಗಿರಲಿ, ಅದು ಹೊಳೆಯ ಹಾಸಿಗೆ, ನಿನ್ನದಲ್ಲ.

ಗೋಕಾಕ ಜಲಪಾತಕ್ಕೂ ಹೋಗುತ್ತೀರಿ, ಗೊತ್ತು. ನೋಡಬೇಕಾದದ್ದೇ. ಕುದುರೆ ಲಾಳದ ಆಕಾರದ ಬಂಡೆಯ ಅಂಚಿನಿಂದ 52 ಮೀಟರ್ ಕೆಳಗೆ ಬೀಳುವ ಕೆಂಪು ನೀರು, ಮೇಲೆ ತೂಗುಸೇತುವೆ, ಮಗ್ಗುಲಲ್ಲಿ ಚಾಲುಕ್ಯರ ಕಾಲದ ಗುಡಿ. ಆ ಬಂಡೆ ಮರಳುಗಲ್ಲು. ನೀರು ಉಜ್ಜಿ ಉಜ್ಜಿ ನುಣುಪಾಗಿದೆ. ಒಣಗಿದ್ದಾಗ ಕಾಲಿಗೆ ಹಿಡಿತ ಸಿಗುತ್ತದೆ, ಹಸಿರು ಪಾಚಿ ಹತ್ತಿದ ಕಡೆ ಸಿಗುವುದಿಲ್ಲ. ಅಂಚಿಗೆ ಬೆನ್ನು ಕೊಟ್ಟು ಮೊಬೈಲು ಎತ್ತಿ ಹಿಡಿದವನಿಗೆ ಪಾಚಿ ಎಲ್ಲಿದೆ ಅಂತ ಕಾಣುವುದಿಲ್ಲ. ಫೋಟೋ ಬೇಕಾದರೆ ಗೆಳೆಯ ತೆಗೆಯಲಿ, ನೀನು ಕಟಕಟೆಯ ಒಳಗೆ ನಿಂತಿರು.

ಎರಡನೆಯದು, ನೆಲ ಬಲ್ಲವರನ್ನು ಕೇಳು. ನೀನು ಕ್ಯಾಂಪಿಂಗ್ ಅಂದರೆ ಹೊಸದೇನೋ ಅಂದುಕೊಂಡಿದ್ದೀಯ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕುರುಬರು ತಲೆತಲಾಂತರದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಕುರಿ ಹಿಂಡು, ಕುದುರೆಯ ಮೇಲೆ ಸಾಮಾನು, ನಾಯಿ, ಹೆಂಡರು ಮಕ್ಕಳು. ಹೊಲದವನು ಗೊಬ್ಬರಕ್ಕಾಗಿ ಕರೆದ ಕಡೆ ಕುರಿ ತರುಬುತ್ತಾರೆ, ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಾರೆ, ಕಂಬಳಿ ಹೊದ್ದು ಮಲಗುತ್ತಾರೆ. ಎಲ್ಲಾದರೂ ಅವರ ಹಟ್ಟಿ ಕಂಡರೆ ಗಾಡಿ ನಿಲ್ಲಿಸಿ ಐದು ನಿಮಿಷ ಕೂತು ಮಾತಾಡು. ‘ಕಾಕಾ, ಇಲ್ಲಿ ರಾತ್ರಿ ಮಲಗಬಹುದೇನ್ರಿ?’ ಅಂತ ಕೇಳು. ‘ಅಲ್ಲಿ ಬ್ಯಾಡೋ ತಮ್ಮಾ, ಅದು ದನದ ದಾರಿ. ಆ ಬನ್ನಿಗಿಡದ ಆಚೆ ಹೋಗ್ರಿ, ಗಾಳಿ ಮರಿ ಐತಿ’ ಅನ್ನುತ್ತಾರೆ. ಆ ಎರಡು ಮಾತಿನಲ್ಲಿ ಇರುವಷ್ಟು ನಿನ್ನ ಮೊಬೈಲಿನ ಮ್ಯಾಪಿನಲ್ಲಿ ಇಲ್ಲ.

ಅವರು ಮಲಗುವ ರೀತಿಯನ್ನೂ ನೋಡಿ ಕಲಿ. ಒಂಟಿ ಮರದ ಕೆಳಗೆ ಹಟ್ಟಿ ಹಾಕುವುದಿಲ್ಲ, ಅಡ್ಡಮಳೆಯ ಕಾಲದಲ್ಲಿ ಸಿಡಿಲು ಮೊದಲು ಹುಡುಕುವುದು ಅದನ್ನೇ. ಬಯಲಲ್ಲಿದ್ದಾಗ ಗುಡುಗು ಕೇಳಿಸಿತೋ, ಡೇರೆ ಬಿಟ್ಟು ಕಾರಿನೊಳಗೋ ಪಕ್ಕಾ ಮನೆಯೊಳಗೋ ಹೋಗಿ ಕೂಡು. ಡೇರೆಯ ಬಟ್ಟೆ ಸಿಡಿಲು ತಡೆಯುವುದಿಲ್ಲ. ಇನ್ನು ಚಳಿಗಾಲದ ನಸುಕಿನಲ್ಲಿ ಹಿನ್ನೀರಿನ ಮಗ್ಗುಲಲ್ಲಿ ಇಬ್ಬನಿ ಮಳೆ ಬಂದ ಹಾಗೆ ಸುರಿಯುತ್ತದೆ. ಚಳಿಯೆಂದು ಡೇರೆಯ ಕಿಟಕಿಗಳನ್ನೆಲ್ಲ ಬಿಗಿದರೆ ನಿಮ್ಮ ಉಸಿರೇ ನೀರಾಗಿ ಒಳಗೆ ತೊಟ್ಟಿಕ್ಕುತ್ತದೆ. ಗಾಳಿಗೆ ಒಂದು ಸಂದು ಬಿಡಿ, ಕೆಳಗೆ ತಾಡಪತ್ರಿ ಹಾಸಿ, ಮೇಲೆ ಕಂಬಳಿ ಇರಲಿ. ಮತ್ತೊಂದು ಮಾತು. ಚಳಿ ಎಂದು ಕೆಂಡದ ಬುಟ್ಟಿಯನ್ನು ಡೇರೆಯೊಳಗೆ ಒಯ್ಯಬೇಡಿ. ಹೊಗೆಯಾಡುವ ಬೆಂಕಿಗಿಂತ ಹೊಗೆ ಕಾಣದ ಕೆಂಡ ಹೆಚ್ಚು ಅಪಾಯ, ಮಲಗಿದವರು ಏಳುವುದಿಲ್ಲ.

ಹಾವಿನ ವಿಚಾರ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ನೆಲದ ಮೇಲೆ ಮಲಗುವವರಿಗೆ ನಾಗರಹಾವಿಗಿಂತ ಕಟ್ಟುಹಾವಿನದು ಹೆಚ್ಚು ಚಿಂತೆ. ಅದು ರಾತ್ರಿ ಓಡಾಡುತ್ತದೆ, ನಿದ್ದೆಯಲ್ಲಿ ಹೊರಳಿದವರನ್ನು ಕಚ್ಚುತ್ತದೆ, ಕಚ್ಚಿದ್ದು ನೋಯುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣುರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ‘ರಾತ್ರಿ ಉಂಡದ್ದು ಅರಗಿಲ್ಲ’ ಅಂತ ಕೂಡಬೇಡಿ. ಡೇರೆಯ ಜಿಪ್ಪು ಪೂರಾ ಎಳೆದಿರಲಿ. ಬಯಲಲ್ಲೇ ಮಲಗುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಒತ್ತಿ ಸಿಕ್ಕಿಸಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ಕಚ್ಚಿತೋ, ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಮಂತ್ರದವನ ಮನೆ ಹುಡುಕುವುದು, ಯಾವುದೂ ಬೇಡ. ಕಚ್ಚಿಸಿಕೊಂಡವನನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಹುಕ್ಕೇರಿಯದೋ ಗೋಕಾಕದ್ದೋ ಸರಕಾರಿ ಆಸ್ಪತ್ರೆ ಸೇರಿಸಿ. ವಿಷಕ್ಕೆ ಮದ್ದು ಇರುವುದು ಅಲ್ಲಿ. ಹೋಗುವ ಮುಂಚೆಯೇ ಆ ಆಸ್ಪತ್ರೆಯ ದಾರಿ ನೋಡಿಕೊಂಡಿರು.

ಮೂರನೆಯದು, ಒಡೆಯರನ್ನು ಕೇಳು. ಹಿನ್ನೀರಿನ ದಂಡೆ ಬರೀ ಬಯಲು, ಯಾರದ್ದೂ ಅಲ್ಲ ಅಂತ ಕಾಣುತ್ತದೆ. ಜಲಾಶಯ ಕರ್ನಾಟಕ ನೀರಾವರಿ ನಿಗಮದ ಸುಪರ್ದಿನಲ್ಲಿದೆ. ಹಿಡಕಲ್‌ನಲ್ಲಿ ಅವರ ಕಚೇರಿಗೆ ಹೋಗಿ, ಎಲ್ಲಿ ಇರಬಹುದು, ಎಲ್ಲಿ ಇರಬಾರದು ಅಂತ ಕೇಳಿ ಒಪ್ಪಿಗೆ ತಗೋ. ಒಡ್ಡು, ಗೇಟು, ಪಂಪ್‌ಹೌಸುಗಳ ಹತ್ತಿರ ಸುಳಿಯಬೇಡ. ಆಮೇಲೆ ಹೊಲದವರನ್ನೂ ಕೇಳು. ಮೀನುಗಾರರು ಬಲೆ ಬಿಡುವ ಜಾಗಕ್ಕೆ ಹೋಗಿ ಕಲ್ಲು ಒಗೆಯಬೇಡ, ಅದು ಅವರ ದಿನದ ಗಳಿಕೆ.

ಇನ್ನೂ ಕೆಲವು ಒಡೆಯರಿದ್ದಾರೆ, ಅವರು ಈಗ ಅಲ್ಲಿ ಕಾಣುವುದಿಲ್ಲ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಹುನ್ನೂರಿನ ವಿಠ್ಠಲ ದೇವರ ಗುಡಿ ಹಿನ್ನೀರಿನಿಂದ ಮೇಲೆ ಎದ್ದು ನಿಲ್ಲುತ್ತದೆ. ಜನ ಜಾತ್ರೆಗೆ ಹೋದ ಹಾಗೆ ನೋಡಲು ಹೋಗುತ್ತಾರೆ. ನೀನೂ ಹೋಗು, ಆದರೆ ಚಪ್ಪಲಿ ಬಿಚ್ಚಿ ಹೋಗು, ಗೋಡೆ ಹತ್ತಬೇಡ, ಹೆಸರು ಕೆತ್ತಬೇಡ. ನೀನು ನೋಡಿ ‘ವ್ಯೂ’ ಅನ್ನುವ ಈ ನೀರಿನ ಕೆಳಗೆ ಮಂದಿಯ ಹೊಲ, ಮನೆ, ಬಾವಿಗಳಿದ್ದವು. ಅವರು ಎದ್ದು ಹೋದದ್ದರಿಂದ ಕೆಳಗಿನ ತಾಲೂಕುಗಳು ಹಸಿರಾದವು. ಅವರ ಮಕ್ಕಳು ಮೊಮ್ಮಕ್ಕಳು ಮಗ್ಗುಲಿನ ಊರುಗಳಲ್ಲೇ ಇದ್ದಾರೆ. ಅವರನ್ನು ಮಾತಾಡಿಸು, ಯಾವ ಊರು ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸುತ್ತಾರೆ.

ಆ ಬಾವಿ, ಗೋಡೆ, ಮುಳ್ಳುಗಿಡಗಳು ಈಗಲೂ ನೀರಿನ ತಳದಲ್ಲಿವೆ. ಅದಕ್ಕೇ ಹಿನ್ನೀರಿನಲ್ಲಿ ಈಜು ಬೇಡ. ನಮ್ಮೂರ ಬಾವಿಯಲ್ಲಿ ಈಜು ಕಲಿತಿದ್ದೀಯ, ನಿಜ. ಬಾವಿಯ ತಳ ನಿನಗೆ ಗೊತ್ತಿತ್ತು, ಇದರ ತಳ ಗೊತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಕಾಲುವೆ. ಧೂಪದಾಳದ ಒಡ್ಡಿನಿಂದ ಹೊರಟು ಮೂಡಲಗಿ ಸೀಮೆಯ ಕಡೆ ಹೋಗುವ ಎಡದಂಡೆ ಕಾಲುವೆಯ ನೀರು ಮೇಲೆ ಸಾವಕಾಶ ಹೋಗುವಂತೆ ಕಾಣುತ್ತದೆ. ಕಾಂಕ್ರೀಟು ಹಾಕಿದ ಕಡೆ ಇಳಿಯುವುದು ಸಲೀಸು, ಹತ್ತುವುದು ಆಗದು. ಇಳಿಜಾರು ಗೋಡೆಗೆ ಪಾಚಿ, ಹಿಡಿಯಲು ಏನೂ ಇಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಒಗೆ, ಪಂಚೆಯನ್ನಾದರೂ ಚಾಚು. ಒಬ್ಬನನ್ನು ಉಳಿಸಲು ಹೋಗಿ ಮೂವರು ಮುಳುಗಿದ ಸುದ್ದಿಯನ್ನು ಪೇಪರಿನಲ್ಲಿ ನೀನೂ ಓದಿದ್ದೀಯ.

ನಾಲ್ಕನೆಯದು, ಧೂಪದಾಳ. 1897ರ ಹಳೆಯ ಒಡ್ಡು ಅದು. ಅದು ನಿಲ್ಲಿಸಿದ ನೀರಿನ ಸುತ್ತಲೇ ಘಟಪ್ರಭಾ ಪಕ್ಷಿಧಾಮ ಇರುವುದು. 1974ರಲ್ಲಿ ಘೋಷಣೆಯಾದ, ಸುಮಾರು 30 ಚದರ ಕಿಲೋಮೀಟರಿನ ಜಾಗ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಧ್ಯ ಏಷ್ಯಾದ ಕಡೆಯಿಂದ ಕರ್ಕರೆ ಹಕ್ಕಿಗಳು, ಯುರೋಪಿನ ಬಿಳಿ ಕೊಕ್ಕರೆಗಳು ಬರುತ್ತವೆ. ಹೊಲಗಳಲ್ಲಿ ಮೇಯ್ದು, ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತು ಮಲಗುವ ಹಕ್ಕಿ ಈ ಕರ್ಕರೆ. ರಾತ್ರಿ ಗದ್ದಲಕ್ಕೆ ಎದ್ದು ಹಾರಿದರೆ ತಿಂದು ಕೂಡಿಟ್ಟ ಬಲ ವ್ಯರ್ಥ, ಅದೇ ಬಲದ ಮೇಲೆ ಅದು ಮತ್ತೆ ಹಿಮಾಲಯ ದಾಟಬೇಕು. ಅಲ್ಲಿ 1972ರ ವನ್ಯಜೀವಿ ಕಾಯ್ದೆ ನಡೆಯುತ್ತದೆ. ಅರಣ್ಯ ಇಲಾಖೆಯವರ ಒಪ್ಪಿಗೆ ಇಲ್ಲದೆ ಒಳಗೆ ಹೋಗಬೇಡ, ಬೆಂಕಿ ಅಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ದೂರದಿಂದ ದುರ್ಬೀನಿನಲ್ಲಿ ನೋಡು. ದಂಡೆಯ ಗೊರಚಿನಲ್ಲಿ ನಡೆಯುವಾಗ ಟಿಟ್ಟಿಭ ನೆತ್ತಿಯ ಮೇಲೆ ಸುತ್ತಿ ಸುತ್ತಿ ಚೀರಿತೋ, ನಿಂತಲ್ಲೇ ನಿಲ್ಲು. ಗೂಡು ಅಂತ ಇರುವುದಿಲ್ಲ, ಬರಿ ನೆಲದ ಮೇಲೆ ಹರಳಿನ ಬಣ್ಣದ ನಾಲ್ಕು ತತ್ತಿ. ಕಾಲ ಕೆಳಗೆ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಬಾ.

ಬೆಂಕಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನೀವು ಹೋಗುವ ಕಾಲದಲ್ಲೇ ಕಬ್ಬು ಕಟಾವು. ಹೊಲದ ತುಂಬ ರವದಿ ಬಿದ್ದಿರುತ್ತದೆ. ಒಂದು ಕಿಡಿ ಹಾರಿದರೆ ಮಗ್ಗುಲಿನ ನಿಂತ ಕಬ್ಬೂ ಹೋಗುತ್ತದೆ, ಒಬ್ಬ ರೈತನ ವರ್ಷವೇ ಹೋಗುತ್ತದೆ. ಕಬ್ಬಿನ ಹೊಲದ ಹತ್ತಿರ ಬೆಂಕಿ ಬೇಡ. ಬಯಲು ಮಡ್ಡಿಯಲ್ಲಿ, ಗಾಳಿ ಇಲ್ಲದಾಗ, ಮೂರು ಕಲ್ಲಿನ ನಡುವೆ ಸಣ್ಣ ಬೆಂಕಿ ಸಾಕು. ಏಳುವಾಗ ನೀರು ಸುರಿದು, ಬೂದಿ ಕೆದಕಿ, ಅಂಗೈ ಇಟ್ಟು ನೋಡು. ಬಿಸಿ ಇದ್ದರೆ ಆರಿಲ್ಲ. ಅಡಿಗೆಯ ರಗಳೆಯೇ ಬೇಡ ಅಂದರೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಜೊತೆಗೆ ಗೋಕಾಕದ ಕರದಂಟು ಕಟ್ಟಿಕೊಂಡು ಹೋಗು. ಅಂಟು, ಬೆಲ್ಲ, ಒಣಹಣ್ಣಿನ ಆ ಒಂದು ತುಂಡಿನಲ್ಲಿ ಅರ್ಧ ದಿನ ಗುಡ್ಡ ಹತ್ತುವ ಕಸುವಿದೆ.

ಪಾಯಖಾನೆ ಮತ್ತು ಕಸ. ಈ ಮಾತಿಗೆ ನಗಬೇಡ. ಹಿಡಕಲ್ ನೀರನ್ನು ಬೆಳಗಾವಿ ನಗರ ಕುಡಿಯುತ್ತದೆ, ನಿನ್ನ ಅತ್ತೆಯ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. ನೀರಿನಿಂದ ಇನ್ನೂರು ಅಡಿ ದೂರ, ಆಗ ಹೇಳಿದ ಕಸದ ಗೆರೆಗಿಂತ ಮೇಲೆ, ಒಂದು ಗೇಣು ಆಳ ತೋಡಿ, ಮಣ್ಣು ಮುಚ್ಚು. ಸಾಬೂನು ಹಚ್ಚಿ ಹಿನ್ನೀರಿಗೆ ಇಳಿಯಬೇಡ. ಕುಡಿಯುವ ನೀರು ಮನೆಯಿಂದ ಒಯ್ಯಿ, ಸಾಲದಿದ್ದರೆ ಕುದಿಸಿ ಕುಡಿ. ಒಯ್ದ ಪ್ಲಾಸ್ಟಿಕ್ಕೆಲ್ಲ ಅದೇ ಚೀಲದಲ್ಲಿ ಮರಳಿ ಬರಲಿ. ಬಾಟಲಿಯ ವ್ಯವಹಾರ ಬೇಡ. ಒಡೆದ ಗಾಜು ಮುಂದಿನ ವರ್ಷ ರಾಡಿಯಲ್ಲಿ ಯಾವುದೋ ಎಮ್ಮೆಯ ಕಾಲಿಗೆ ಸಿಗುತ್ತದೆ. ಡಾಲ್ಬಿ ಹಚ್ಚುವುದಿದ್ದರೆ ಊರಲ್ಲೇ ಇರು, ಅಷ್ಟು ದೂರ ಹೋಗುವುದು ಯಾಕೆ?

ಡೇರೆಯ ಬಾಳಿಗೆ ಶಿಸ್ತು ಕಲಿಸಿದವರು ನಮ್ಮ ಹತ್ತಿರದಲ್ಲೇ ಇದ್ದರು. ಹಿಂದುಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರು ಮುಂದೆ ಘಟಪ್ರಭೆಯಲ್ಲೇ ನೆಲೆ ನಿಂತವರು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದಕ್ಕೆ ವಿಜಯನಗರ ಅಂತ ಹೆಸರಿಟ್ಟು ಒಂದು ಡೇರೆಯ ಊರನ್ನೇ ಎಬ್ಬಿಸಿದ್ದರು. ಅಲ್ಲಿ ಪಾಯಖಾನೆ ಶುಚಿ ಮಾಡುವ ಕೆಲಸಕ್ಕೆ ಕೂಲಿಯವರನ್ನು ಕಾಯದೆ, ಜಾತಿ ನೋಡದೆ ಸೇವಾದಳದ ಸ್ವಯಂಸೇವಕರೇ ಇಳಿದರು. ದೇಶದ ಕೆಲಸಕ್ಕೆ ಬಂದ ಹುಡುಗರು ಅದನ್ನು ಕೀಳು ಅನ್ನಲಿಲ್ಲ. ನಿಮ್ಮ ಆರೇಳು ಮಂದಿಯ ತಂಡದಲ್ಲೂ ಅದೇ ನಡೆಯಲಿ. ಅಡಿಗೆ ಇಬ್ಬರು, ಪಾತ್ರೆ ಇಬ್ಬರು, ಕಸ ಇಬ್ಬರು, ಮರುದಿನ ಅದಲು ಬದಲು. ಬರುವ ಹೆಣ್ಣುಮಕ್ಕಳ ಪಾಲಿಗೇ ಪಾತ್ರೆ ಬಿತ್ತು ಅಂತ ನನ್ನ ಕಿವಿಗೆ ಬಿದ್ದರೆ ನೋಡು!

ಕೊನೆಯ ಮಾತು. ಸಕ್ಕರೆ ಕಾರ್ಖಾನೆಗಳ ಸುತ್ತ, ಹೊಲಗಳ ಬದುವಿನಲ್ಲಿ ಈ ಚಳಿಯಲ್ಲಿ ಇನ್ನೂ ಎಷ್ಟೋ ಡೇರೆಗಳನ್ನು ನೋಡುತ್ತೀಯ. ಕಬ್ಬು ಕಡಿಯಲು ಬೀಡ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ ಬಂದವರ ಟೋಳಿಗಳು. ನಸುಕಿನಲ್ಲಿ ಎದ್ದು, ಕೂಸನ್ನು ರವದಿಯ ಮೇಲೆ ಮಲಗಿಸಿ ಕೊಯಿತಕ್ಕೆ ನಿಲ್ಲುತ್ತಾರೆ. ಅವರಿಗೆ ಡೇರೆ ಹವ್ಯಾಸವಲ್ಲ, ತಿಂಗಳುಗಟ್ಟಲೆಯ ಮನೆ. ನೀನು ಖುಷಿಪಡುವುದಕ್ಕೆ ನಾಚಬೇಕಾಗಿಲ್ಲ, ಆದರೆ ಅವರ ಡೇರೆಯನ್ನು ‘ಕಂಟೆಂಟು’ ಮಾಡಿ ಫೋಟೋ ಹೊಡೆಯಬೇಡ. ಚಳಿಯಲ್ಲಿ ನೆಲದ ಮೇಲೆ ಮಲಗುವುದು ಎಂಥದ್ದು ಅಂತ ಎರಡು ರಾತ್ರಿಯಲ್ಲಿ ನಿನಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ, ಬರುವಾಗ ನಿಮ್ಮ ಒಂದು ಕಂಬಳಿಯೋ ತಾಡಪತ್ರಿಯೋ ಅವರಿಗೆ ಬೇಕೇನು ಅಂತ ಅದನ್ನೂ ಕೇಳು.

ಹೊರಡುವ ಹಿಂದಿನ ದಿನ ನನಗೆ ಫೋನ್ ಮಾಡಿ ಮೂರು ಸಂಗತಿ ಹೇಳು: ಡ್ಯಾಮಿನಲ್ಲಿ ಇವತ್ತು ನೀರು ಎಷ್ಟು ಅಡಿ, ಡೇರೆ ಹೊಡೆಯುವ ನೆಲ ಯಾರ ಸುಪರ್ದಿನದು, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ. ಮೂರಕ್ಕೂ ಜವಾಬು ಸಿಕ್ಕರೆ ನಿಮ್ಮವ್ವನಿಗೆ ನಾನೇ ಹೇಳಿ ಒಪ್ಪಿಸುತ್ತೇನೆ. ಒಂದಕ್ಕೆ ಸಿಗದಿದ್ದರೂ ಹೊರಡುವುದನ್ನು ಒಂದು ವಾರ ಮುಂದೆ ಹಾಕು, ಕೇಳಿಕೊಂಡು ಬಾ.

ನಿನ್ನ ಅಜ್ಜ